ಎರಡು ಲಕ್ಷ ರೆಕಾರ್ಡಲ್ಲಿ ಹಳೇ ಊರಿನ ಹೆಸರು ಬದಲಾಯಿಸೋದು, ಡೇಟಾಬೇಸ್ ಕೆಡಿಸ್ಕೊಳ್ದೆ

ಕಸ್ಟಮರ್ ಟೇಬಲ್‌ನಲ್ಲಿ ಸಿಟಿ ಅಂತ ಒಂದು ಕಾಲಂ ಇರುತ್ತಲ್ಲ, ನಮ್ದನ್ನ ತೆಗ್ದು ನೋಡಿದ್ರೆ ಬ್ಯಾಂಗಲೋರ್, ಬೆಂಗಳೂರು, ಬ್ಲೋರ್, ಕೊನೇಲೊಂದು ಸ್ಪೇಸ್ ಇರೋ ಬ್ಯಾಂಗಲೋರ್, ಎಲ್ಲಾ ಒಟ್ಟಿಗೆ ಸಂಸಾರ ಮಾಡ್ತಿದ್ವು. 2014ರ ನವೆಂಬರ್ 1ಕ್ಕೇ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯ್ತು, ಆದ್ರೂ ಹಳೇ ಸಾಫ್ಟ್‌ವೇರಲ್ಲಿ ಬೆಲ್ಗಾಮ್, ಶಿಮೊಗಾ, ಗುಲ್ಬರ್ಗಾ ಅಲ್ಲಾಡ್ದೆ ಕೂತಿವೆ. ಎರಡು ಲಕ್ಷ ಚಿಲ್ಲರೆ ರೆಕಾರ್ಡು, ಕೈಯಲ್ಲಿ ಒಂದೊಂದೇ ತಿದ್ದೋ ಮಾತೇ ಇಲ್ಲ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಜೊತೆ ಒಂದು ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಇಟ್ಕೊಂಡು ಮಾಡಿದ್ದು, ಹೇಗೆ ಅಂತ ಬರೀತೀನಿ.

ಮೊದಲು ಟೇಬಲ್ ಡಂಪ್, ಅಂದ್ರೆ ಪೂರ್ತಿ ಬ್ಯಾಕಪ್ ಕಾಪಿ, ತಗೊಳಿ. ತಗೊಂಡು ಸುಮ್ನಾಗ್ಬೇಡಿ, ಬೇರೆ ಮಷೀನಲ್ಲಿ ರೀಸ್ಟೋರ್ ಮಾಡಿ ರೋ (ಸಾಲು) ಎಷ್ಟಿದೆ ಅಂತ ಎಣಿಸಿ.

ಆಮೇಲೆ ಸಿಟಿ, ರಾಜ್ಯ, ಪಿನ್‌ಕೋಡಿನ ಮೊದಲ ಮೂರು ಅಂಕಿ ಇಷ್ಟನ್ನ ಗ್ರೂಪ್ ಮಾಡಿ ಯಾವ್ದು ಎಷ್ಟಿದೆ ಅಂತ ಒಂದು ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಪಟ್ಟಿಯ ಫೈಲ್) ತೆಗೀರಿ, ಪಕ್ಕದಲ್ಲಿ ಹೊಸ ಹೆಸರಿಗೆ ಒಂದು ಕಾಲಂ ಸೇರಿಸಿ ತುಂಬ್ತಾ ಹೋಗಿ. ನಿಜವಾದ ಕೆಲಸ ಇದೇನೇ. ನಂಗೆ ಇದಕ್ಕೆ ಒಂದೂವರೆ ದಿನ ಹಿಡೀತು, ಸ್ಕ್ರಿಪ್ಟ್ ಓಡೋದಕ್ಕೆ ಒಂದು ಕಾಫಿ ಕುಡಿಯೋ ಅಷ್ಟು ಹೊತ್ತು ಸಾಕಾಯ್ತು.

ಪಿನ್‌ಕೋಡ್ ಯಾಕೆ ಅಂದ್ರೆ ಬಿಜಾಪುರ. ಹೆಸರು ನೋಡ್ಕೊಂಡು ಎಲ್ಲಾ ಬಿಜಾಪುರಾನೂ ವಿಜಯಪುರ ಮಾಡಿಬಿಟ್ರೆ ಛತ್ತೀಸ್‌ಗಢದ ಬಿಜಾಪುರದವ್ರೂ ನಮ್ಮವರಾಗ್ಬಿಡ್ತಾರೆ, ಅಲ್ಲೂ ಅದೇ ಹೆಸರಿನ ಜಿಲ್ಲೆ ಇದೆ. ನಮ್ದು 586ರಿಂದ ಶುರು, ಅವ್ರದ್ದು 49ರಿಂದ. ಇನ್ನೊಂದು ಕಡೆ ದೇವನಹಳ್ಳಿ ತಾಲ್ಲೂಕಲ್ಲಿ ಮೊದಲಿಂದಾನೂ ಒಂದು ವಿಜಯಪುರ ಇದೆ, ಅಪ್‌ಡೇಟ್ ಆದ್ಮೇಲೆ ರಿಪೋರ್ಟಲ್ಲಿ ಎರಡೂ ಸೇರ್ಕೊಳುತ್ತೆ, ಅದಕ್ಕೆ ಜಿಲ್ಲೆ ಕಾಲಂ ಬೇಕೇ ಬೇಕು.

ಅಡ್ರೆಸ್ ಕಾಲಂ ತಂಟೆಗೆ ಮಾತ್ರ ಹೋಗ್ಬೇಡಿ. ಬಳ್ಳಾರಿ ರೋಡ್, ಮೈಸೂರ್ ಬ್ಯಾಂಕ್ ಸರ್ಕಲ್ ಅಂತ ಜನ ಅವರಿಗೆ ತೋಚಿದ ಸ್ಪೆಲ್ಲಿಂಗಲ್ಲಿ ಬರ್ದಿರ್ತಾರೆ, ಪೋಸ್ಟ್‌ಮ್ಯಾನಿಗೆ ಅರ್ಥ ಆಗುತ್ತೆ ಬಿಡಿ. ಹಾಗೇ ಸಿಎಸ್‌ವಿನ ಎಕ್ಸೆಲಲ್ಲಿ ಡಬಲ್ ಕ್ಲಿಕ್ ಮಾಡಿ ತೆಗೀಬೇಡಿ, ಟೆಕ್ಸ್ಟ್ ಅಂತ ಇಂಪೋರ್ಟ್ ಮಾಡಿ. ಇಲ್ಲಾಂದ್ರೆ ಅಕೌಂಟ್ ನಂಬರಿನಂಥ ಕಾಲಂ ಇದ್ರೆ ಅದರ ಮುಂದಿನ ಸೊನ್ನೆ ಹೋಗುತ್ತೆ, 15 ಅಂಕಿ ದಾಟಿದ್ರೆ ಉಳಿದಿದ್ದೆಲ್ಲಾ ಸೊನ್ನೆ ಆಗುತ್ತೆ.

ಈಗ ಆ ಶೀಟನ್ನ ಡೇಟಾಬೇಸಲ್ಲೇ ಒಂದು ಬೇರೆ ಟೇಬಲ್ಲಿಗೆ ಕಾಪಿ ಕಮ್ಯಾಂಡಿಂದ ತುಂಬಿ, ಕಸ್ಟಮರ್ ಟೇಬಲ್ ಜೊತೆ ಜಾಯಿನ್ ಮಾಡಿ (ಸಿಟಿ, ರಾಜ್ಯ, ಪಿನ್ ಅಂಕಿ ಒಂದೇ ಇರೋ ಸಾಲುಗಳನ್ನ ಹೊಂದಿಸಿ) ಅಪ್‌ಡೇಟ್ ಬರೀರಿ. ಹೋಲಿಸೋವಾಗ ಎರಡೂ ಕಡೆ ಟ್ರಿಮ್ (ಹಿಂದೆ ಮುಂದಿನ ಸ್ಪೇಸ್ ತೆಗೆಯೋದು), ಲೋಯರ್ (ಎಲ್ಲಾ ಚಿಕ್ಕಕ್ಷರ ಮಾಡೋದು) ಹಾಕಿ, ಪೋಸ್ಟ್‌ಗ್ರೆಸ್‌ಗೆ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ. ಬದಲಾಗೋ ಐಡಿ, ಹಳೇ ಹೆಸರು, ಹೊಸ ಹೆಸರು ಇನ್ನೊಂದು ಟೇಬಲಲ್ಲಿ ಇಟ್ಕೊಳಿ, ತಪ್ಪಾದ್ರೆ ಅದೇ ಜಾಯಿನ್ ಉಲ್ಟಾ ಹೊಡೆದ್ರೆ ಆಯ್ತು.

ಸ್ಕ್ರಿಪ್ಟ್ ಮೊದಲ ಸಲ ಓಡ್ಬೇಕಾದ್ರೆ ಬಿಗಿನ್ (ಟ್ರಾನ್ಸಾಕ್ಷನ್ ಶುರು), ಅಪ್‌ಡೇಟ್, ಎಷ್ಟು ರೋ ಅಂತ ಪ್ರಿಂಟ್, ರೋಲ್‌ಬ್ಯಾಕ್ (ಮಾಡಿದ್ದನ್ನ ರದ್ದು ಮಾಡೋದು), ಅಷ್ಟೇ. ಆ ನಂಬರು ಶೀಟಿನ ಲೆಕ್ಕಕ್ಕೆ ತಾಳೆ ಆದ್ರೆ ಮಾತ್ರ ಕಮಿಟ್ (ಖಾಯಂ ಮಾಡೋದು). ನಿಜವಾಗಿ ಓಡಿಸೋವಾಗ 5000 ಐಡಿಗೊಂದು ಕಮಿಟ್ ಹಾಕಿ ಕೊನೇ ಐಡಿನ ಫೈಲಲ್ಲಿ ಬರ್ಕೊಳಿ, ಕರೆಂಟ್ ಹೋದ್ರೂ ಅಲ್ಲಿಂದಾನೇ ಮುಂದುವರೀಬೋದು. ಎಲ್ಲಾ ಒಂದೇ ಸಲ ಹೊಡೆದ್ರೆ ಕಮಿಟ್ ಆಗೋ ತನಕ ಆ ರೋಗಳು ಲಾಕ್, ಬಿಲ್ಲಿಂಗ್ ಕೌಂಟರಲ್ಲಿ ಕೂತಿರೋರು ನಿಮ್ಗೆ ಬೈತಾರೆ. ಹೆಸರು ಆಗ್ಲೇ ಸರಿ ಇದ್ರೆ ಮುಟ್ಬೇಡ ಅಂತ ಕಂಡೀಷನ್ನೂ ಹಾಕಿ, ಯಾಕಂದ್ರೆ ಪೋಸ್ಟ್‌ಗ್ರೆಸ್ ಹಳೇ ರೋ ಮೇಲೆ ಬರಿಯಲ್ಲ, ಪ್ರತಿ ಅಪ್‌ಡೇಟಿಗೂ ಹೊಸದೊಂದು ಬರೀತಾ ಹೋಗುತ್ತೆ, ಟೇಬಲ್ ಊದ್ಕೊಳುತ್ತೆ. ಮುಗಿದ್ಮೇಲೆ ಒಂದು ವ್ಯಾಕ್ಯೂಮ್, ಅಂದ್ರೆ ಹಳೇ ಸಾಲುಗಳ ಕಸ ಗುಡಿಸೋ ಕಮ್ಯಾಂಡ್.

ಟ್ರಿಗರ್ (ರೆಕಾರ್ಡ್ ಬದಲಾದ ತಕ್ಷಣ ತಾನಾಗೇ ಓಡೋ ಕೋಡ್) ಇದ್ಯಾ ನೋಡ್ಕೊಳಿ ಮಾರಾಯ್ರೆ. ನಾನು ನೋಡಿರ್ಲಿಲ್ಲ, ಟೆಸ್ಟ್ ಸರ್ವರಿಗೆ ಯಾರೋ ಅಸಲಿ ಎಸ್‌ಎಂಎಸ್ ಗೇಟ್‌ವೇ ಕೊಟ್ಟಿದ್ರು, ರಾತ್ರಿ ಹನ್ನೊಂದಕ್ಕೆ ನಲವತ್ತು ಜನಕ್ಕೆ ನಿಮ್ಮ ವಿಳಾಸ ಬದಲಾಗಿದೆ ಅಂತ ಮೆಸೇಜ್ ಹೋಯ್ತು. ಒಬ್ರು ಫೋನ್ ಮಾಡಿ ನಾನು ಮನೆ ಖಾಲಿ ಮಾಡೇ ಇಲ್ವಲ್ರೀ ಅಂದ್ರು.

ಮೈಎಸ್‌ಕ್ಯೂಎಲ್ ಡೇಟಾಬೇಸ್ ಇದ್ರೂ ದಾರಿ ಇದೇ. ಆಟೋಕಮಿಟ್ (ಪ್ರತಿ ಕಮ್ಯಾಂಡೂ ತಾನಾಗೇ ಕಮಿಟ್ ಆಗೋದು) ಆನ್ ಇರುತ್ತೆ, ಟ್ರಾನ್ಸಾಕ್ಷನ್ ಶುರು ಮಾಡೋದು ಮರೀಬೇಡಿ. ವೇರ್ (ಯಾವ ಸಾಲು ಅಂತ ಹೇಳೋ ಕಂಡೀಷನ್) ಇಲ್ದಿರೋ ಅಪ್‌ಡೇಟನ್ನ ತಡೆಯೋ ಸೇಫ್ ಅಪ್‌ಡೇಟ್ಸ್ ಆಪ್ಷನ್ನೂ ಇದೆ, ಅದಕ್ಕೆ ಅವ್ರೇ ಇಟ್ಟಿರೋ ಇನ್ನೊಂದು ಹೆಸರು ಐ ಆಮ್ ಎ ಡಮ್ಮಿ. ನಾಚ್ಕೊಳ್ದೆ ಆನ್ ಮಾಡ್ಕೊಳಿ.

ಇದೆಲ್ಲಾ ಮಾಡೋಕ್ ಮುಂಚೆ ಎಂಟ್ರಿ ಫಾರಂನ ಡ್ರಾಪ್‌ಡೌನ್ ಸರಿ ಮಾಡಿಸಿ. ನಾವು ಭಾನುವಾರ ಟೇಬಲ್ ತೊಳ್ದು ಇಟ್ವಿ, ಸೋಮವಾರ ಮಧ್ಯಾಹ್ನದೊಳಗೆ ಮತ್ತೆ ಹದಿನೇಳು ಬ್ಯಾಂಗಲೋರ್ ಬಂದು ಕೂತಿದ್ವು.