ಇ-ಆಡಳಿತದ ಅಧ್ಯಯನಕ್ಕೆ ಆನ್‌ಲೈನ್ ಬಳಗ ಕಟ್ಟುವುದು ಹೇಗೆ?

ಇ-ಆಡಳಿತ ಅಂದರೆ ಸರ್ಕಾರದ ಸೇವೆಗಳನ್ನು ಕಂಪ್ಯೂಟರ್, ಇಂಟರ್‌ನೆಟ್ ಮೂಲಕ ಕೊಡುವುದು. ಮೊದಲು ಅಂಥ ಒಂದೇ ಒಂದು ಸೇವೆ ಆರಿಸಿಕೊಳ್ಳಿ. ‘ಡಿಜಿಟಲ್ ಆಡಳಿತ’ ಅಂತ ದೊಡ್ಡ ಹೆಸರಿಟ್ಟ ಗುಂಪುಗಳೆಲ್ಲ ಸುದ್ದಿ ಫಾರ್ವರ್ಡ್ ಮಾಡುವ ಜಾಗ ಆಗಿಬಿಡುತ್ತವೆ. ಪಹಣಿ ತಿದ್ದುಪಡಿಯೋ ನಾಡಕಚೇರಿಯ ಆದಾಯ ಪ್ರಮಾಣಪತ್ರವೋ, ಒಂದು ಸಾಕು.

ಆಮೇಲೆ ಜನ. ಸಂಶೋಧಕರು, ಕೋಡ್ ಬರೆಯುವವರು ತಾವಾಗೇ ಬರುತ್ತಾರೆ. ಹಳ್ಳಿಗಳಲ್ಲಿ ಸರ್ಕಾರಿ ಸೇವೆಗೆ ಅರ್ಜಿ ಹಾಕಿಕೊಡುವ ಗ್ರಾಮ ಒನ್ ಕೇಂದ್ರ ನಡೆಸುವವರನ್ನೂ ನಿವೃತ್ತ ಗ್ರಾಮ ಲೆಕ್ಕಿಗರನ್ನೂ ನೀವೇ ಫೋನ್ ಮಾಡಿ ಕರೆಯಬೇಕು. ಅರ್ಜಿ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿರುವುದು ಅವರಿಗೇ.

ಎಲ್ಲರೂ ಎಡವುವುದು ದಾಖಲೆ ಹಂಚುವಾಗ. ಪಹಣಿಯ ಫೋಟೊ ತೆಗೆದು, ಹೆಸರಿನ ಮೇಲೆ ಮೊಬೈಲಿನ ಮಾರ್ಕರ್ ಎಳೆದು ಹಾಕಿಬಿಡುತ್ತಾರೆ. ಆ ಮಾರ್ಕರ್ ಎಷ್ಟೋ ಸಲ ಅರೆಪಾರದರ್ಶಕ, ಬ್ರೈಟ್‌ನೆಸ್ ಏರಿಸಿದರೆ ಅಕ್ಷರ ಕಾಣುತ್ತದೆ. ಇನ್ನು ಹೆಸರು ಪೂರ್ತಿ ಅಳಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಊರು, ಸರ್ವೆ ನಂಬರ್, ಹಿಸ್ಸಾ ಗೊತ್ತಿದ್ದರೆ ರಾಜ್ಯದ ಭೂದಾಖಲೆಗಳ ‘ಭೂಮಿ’ ಜಾಲತಾಣದಲ್ಲಿ ಯಾರು ಬೇಕಾದರೂ ಮಾಲೀಕರನ್ನು ನೋಡಬಹುದು, ಸಾಲದ ವಿವರವೂ ಅಲ್ಲೇ ಇರುತ್ತದೆ. ಸೇವೆಗಳಿಗೆ ಗಡುವು ಹಾಕುವ ರಾಜ್ಯದ ‘ಸಕಾಲ’ ಯೋಜನೆಯಲ್ಲಿ ಸಿಗುವ ಸ್ವೀಕೃತಿಯ ಸಂಖ್ಯೆಯೂ ಅಷ್ಟೇ. ಸ್ಕ್ಯಾನ್ ಮಾಡಿದರೆ ವಿವರ ಬಿಟ್ಟುಕೊಡಬಹುದಾದ ಪ್ರಮಾಣಪತ್ರದ ಕ್ಯೂಆರ್ ಕೋಡ್ ಅಂತೂ ಎಲ್ಲರೂ ಮರೆಯುವ ಜಾಗ. ಹಾಗಾಗಿ ಬಳಗದಲ್ಲಿ ಮೂಲ ಫೋಟೊ ಬೇಡವೇ ಬೇಡ. ಒಂದು ಶೀಟ್ ಮಾಡಿ: ತಾಲ್ಲೂಕು, ಸೇವೆ, ಅರ್ಜಿ ಹಾಕಿದ ದಿನ, ಸಕಾಲದ ಗಡುವು, ಕೈಗೆ ಸಿಕ್ಕ ದಿನ, ವಾಪಸಾಗಿದ್ದರೆ ಬರೆದುಕೊಟ್ಟ ಕಾರಣ ಇದ್ದ ಹಾಗೇ. ‘ತುಂಬಾ ಅಲೆದಾಡಿಸಿದರು’ ಅನ್ನುವುದು ನೋವು, ನಿಜ, ಆದರೆ ಅದನ್ನು ಯಾರೂ ಇನ್ನೊಂದು ತಾಲ್ಲೂಕಿನ ಜತೆ ಹೋಲಿಸಲಾಗದು. ತಾರೀಕು ಇದ್ದರೆ ಹೋಲಿಸಬಹುದು, ಅಲ್ವಾ?

ವಾಟ್ಸ್ಆ್ಯಪ್ ಮಾತಿಗೆ ಚೆನ್ನ, ದಾಖಲೆ ಇಡಲು ಖಂಡಿತ ಬೇಡ, ಹಳೆಯದೆಲ್ಲ ಮುಳುಗಿಹೋಗುತ್ತದೆ. ವಾಟರ್‌ಮಾರ್ಕ್ ಬಡಿಯುವ ಪುಕ್ಕಟೆ ಸ್ಕ್ಯಾನರ್ ಆ್ಯಪ್‌ಗಳೂ ಬೇಡ. ‘ನುಡಿ’ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿರುವ ಸರ್ಕಾರಿ ಆದೇಶ ಸಿಕ್ಕರೆ, ಈಗ ಎಲ್ಲೆಡೆ ಬಳಸುವ ಯುನಿಕೋಡ್ ಅಕ್ಷರಕ್ಕೆ ಬದಲಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿಯೇ ಸೇರಿಸಿ. ಇಲ್ಲದಿದ್ದರೆ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ಶೀಟ್ ಒಂದಿಷ್ಟು ತುಂಬಿದ ಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಆದ್ದರಿಂದ ‘ಏಕೆ ತಡ?’ ಅಂತ ಸುಮ್ನೆ ಕೇಳಬೇಡಿ. ಗಡುವು ಮೀರಿದ ಅರ್ಜಿಗಳ ಪಟ್ಟಿಯನ್ನು ತಿಂಗಳುವಾರು ಕೇಳಿ. ಉತ್ತರಕ್ಕೆ 30 ದಿನ. ಬಂದ ಉತ್ತರದಲ್ಲಿ ಅರ್ಜಿದಾರರ ಹೆಸರು ತೆಗೆದು, ಅದೇ ಶೀಟಿನ ಪಕ್ಕದಲ್ಲಿಡಿ.