ನಿವೃತ್ತ ಸೈನಿಕರಿಗೆ ಮನಶ್ಶಾಸ್ತ್ರಜ್ಞರ ನೆರವು: ಮನೆಯವರು ಹೇಗೆ ಮುಂದುವರಿಯಬೇಕು

ಸೇನೆಯಿಂದ ಊರಿಗೆ ಮರಳಿದವರು ರಾತ್ರಿ ಬೆಚ್ಚಿ ಏಳುವುದು, ಪಟಾಕಿ ಸದ್ದಿಗೆ ಬಾಗಿಲು ಹಾಕಿಕೊಂಡು ಕೂರುವುದು, ಸಣ್ಣ ಮಾತಿಗೂ ಸಿಡುಕುವುದು ತಿಂಗಳು ಕಳೆದರೂ ನಿಲ್ಲದಿದ್ದರೆ, ಅದು ಅವರ ಸ್ವಭಾವವೆಂದು ಸುಮ್ಮನಾಗಬಾರದು. ಆಘಾತೋತ್ತರ ಒತ್ತಡದ ಕಾಯಿಲೆಯೋ ಖಿನ್ನತೆಯೋ ಇರಬಹುದು. ಹಲವೊಮ್ಮೆ ಕುಡಿತ ಅದನ್ನು ಮರೆಮಾಡಿರುತ್ತದೆ.

ಮಾತು ತೆಗೆಯುವಾಗ ಕಾಯಿಲೆಯ ಹೆಸರು ಬೇಡ. "ರೀ, ನಿಮಗೆ ಸರಿಯಾಗಿ ನಿದ್ದೆಯೇ ಇಲ್ಲ, ಒಮ್ಮೆ ಡಾಕ್ಟರಿಗೆ ತೋರಿಸೋಣ" ಎಂದರೆ ಒಪ್ಪುವ ಸಾಧ್ಯತೆ ಹೆಚ್ಚು. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದವರು ಆ ಯೋಜನೆಯ ಪಾಲಿಕ್ಲಿನಿಕ್‌ನ ವೈದ್ಯರಿಂದ ರೆಫರಲ್ ಪಡೆಯಬಹುದು. ಹಳೆಯ ಚಿಕಿತ್ಸೆಯ ಕಾಗದಗಳನ್ನು ಒಯ್ಯಿರಿ. ಸ್ಫೋಟದಲ್ಲಿ ಅಥವಾ ಬಿದ್ದು ತಲೆಗೆ ಪೆಟ್ಟಾಗಿದ್ದರೆ ತಪ್ಪದೆ ತಿಳಿಸಿ, ಏಕೆಂದರೆ ಅದರಿಂದಲೂ ಸಿಟ್ಟು, ಮರೆವು ಬರುತ್ತವೆ. ಔಷಧ ಬರೆಯುವವರು ಮನೋವೈದ್ಯರು. ಮಾತಿನ ಚಿಕಿತ್ಸೆ ನೀಡುವ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಸಂಕೋಚವಿಲ್ಲದೆ ಕೇಳಿ.

ಆಘಾತಕ್ಕೆ ನೀಡುವ ಒಂದು ಪ್ರಮುಖ ಚಿಕಿತ್ಸೆಯಲ್ಲಿ ವ್ಯಕ್ತಿ ತಾನು ದೂರವಿಟ್ಟ ನೆನಪನ್ನು ಮನಶ್ಶಾಸ್ತ್ರಜ್ಞರ ಎದುರು ಮತ್ತೆ ಮತ್ತೆ ಹೇಳುತ್ತಾ, ಸಂತೆಯಂತಹ ತಾನು ತಪ್ಪಿಸಿಕೊಳ್ಳುವ ಜಾಗಗಳಿಗೆ ಹಂತಹಂತವಾಗಿ ಹೋಗಲು ಕಲಿಯುತ್ತಾನೆ. ಇದಕ್ಕೆ ಸಾಮಾನ್ಯವಾಗಿ 8ರಿಂದ 15 ಭೇಟಿಗಳು ಬೇಕು. ಮೊದಲ ವಾರಗಳಲ್ಲಿ ಕಳವಳ ಹೆಚ್ಚಬಹುದು, ಮನೆಯವರು ಹೆದರಿ ಚಿಕಿತ್ಸೆ ಬಿಡಿಸುವುದು ಈ ಹಂತದಲ್ಲೇ. ಬಿಡಿಸುವ ಬದಲು ಅದನ್ನು ಮನಶ್ಶಾಸ್ತ್ರಜ್ಞರಿಗೇ ಹೇಳಿ.

ಇನ್ನೂ ಸೇವೆಯಲ್ಲಿರುವವರಿಗೆ ಮೆಡಿಕಲ್ ಕೆಟಗರಿ, ಅಂದರೆ ಆರೋಗ್ಯ ನೋಡಿ ಸೇನೆ ಕೊಡುವ ದರ್ಜೆ, ಇಳಿಯುವ ಭಯವಿರುತ್ತದೆ, ಆ ಭಯ ಆಧಾರವಿಲ್ಲದ್ದಲ್ಲ. ಯಾವ ಮಾಹಿತಿ ಯಾರಿಗೆ ಹೋಗುತ್ತದೆ ಎಂಬುದನ್ನು ಮೊದಲ ಭೇಟಿಯಲ್ಲೇ ಸ್ಪಷ್ಟಪಡಿಸಿಕೊಳ್ಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಸಶಸ್ತ್ರ ಪಡೆಗಳಿಗಾಗಿ ಅದರ ವಿಶೇಷ ಘಟಕ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಯಿತು.

ಸಾವಿನ ಮಾತು ಬಂದರೆ ಕಾಯುವಂತಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕೊಡಗಿನಂತೆ ಮನೆಯಲ್ಲಿ ಕೋವಿ ಇರುವ ಕಡೆ, ಅವರು ಚೇತರಿಸಿಕೊಳ್ಳುವವರೆಗೆ ಅದನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವುದು ಅತ್ಯಗತ್ಯ. ಈ ವಿಷಯದಲ್ಲಿ ಮುಲಾಜು ನೋಡಬೇಡಿ.

ಅವರು ಮನಶ್ಶಾಸ್ತ್ರಜ್ಞರ ಬಳಿ ಬರಲು ಒಪ್ಪದಿದ್ದರೆ ಪತ್ನಿಯೊಬ್ಬರೇ ಹೋಗಬಹುದು, ಹೋಗಲೇಬೇಕು ಎಂಬುದು ನನ್ನ ಅಭಿಪ್ರಾಯ. ವರ್ಷಗಳ ಕಾಲ ಒಂಟಿಯಾಗಿ ಮನೆ ನಡೆಸಿದವರಿಗೂ, ಪದೇ ಪದೇ ಶಾಲೆ ಬದಲಿಸಿದ ಮಕ್ಕಳಿಗೂ ಆಪ್ತಸಮಾಲೋಚನೆ ಬೇಕಾಗುತ್ತದೆ. ದುಃಸ್ವಪ್ನದಲ್ಲಿರುವವರನ್ನು ಮುಟ್ಟಿ ಅಲುಗಾಡಿಸದೆ, ದೂರ ನಿಂತು ದೀಪ ಹಾಕಿ ಹೆಸರು ಹಿಡಿದೋ ಸಂಬಂಧ ಹಿಡಿದೋ ಕರೆಯುವಂತಹ ಕ್ರಮಗಳನ್ನು ಮನೆಯವರು ಅಲ್ಲಿಯೇ ಕಲಿಯಬಹುದು.