ಮೂಳೆಯಿಲ್ಲದ ಫೋ, ನನ್ನ ಅಡುಗೆಮನೆಯಲ್ಲಿ

ಫೋ ಅಂದರೆ ದನದ ಮೂಳೆ ಕುದಿಸಿದ ಸಾರಿಗೆ ಅಕ್ಕಿ ನೂಡಲ್ಸ್ ಹಾಕಿದ್ದು ಅಂತ ಹೆಚ್ಚಿನವರಿಗೆ ಗೊತ್ತು. ಆದರೆ ವಿಯೆಟ್ನಾಂನಲ್ಲಿ ಎಷ್ಟೋ ಬೌದ್ಧರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯಂದು ಮಾಂಸ ಮುಟ್ಟುವುದಿಲ್ಲ. ಹಾಗಾಗಿ ಸಸ್ಯಾಹಾರಿ ಫೋ ಕೂಡ ಅಲ್ಲಿಯದೇ. ಫೋ ಚೈ ಅನ್ನುತ್ತಾರೆ. ನಾನು ಮನೆಯಲ್ಲಿ ಮಾಡುವುದು ಇದನ್ನೇ.

ಇದಕ್ಕೆ ಬೇಕಾದ ಮಸಾಲೆ ನಮ್ಮ ಪಲಾವ್ ಡಬ್ಬಿಯಲ್ಲೇ ಇರುತ್ತದೆ. ಕಷ್ಟ ಇರುವುದೂ ಅಲ್ಲೇ. ಕೈ ಸ್ವಲ್ಪ ಮುಂದೆ ಹೋದರೂ ಸಾರಿಗೆ ಪಲಾವ್ ವಾಸನೆ ಬಂದುಬಿಡುತ್ತದೆ. ಎರಡೂವರೆ ಲೀಟರ್ ನೀರಿಗೆ ನಾನು ಹಾಕುವುದು 3 ಚಕ್ರಮೊಗ್ಗು, ಎರಡಿಂಚು ಚಕ್ಕೆ, 4 ಲವಂಗ, ಒಂದೇ ಒಂದು ದೊಡ್ಡ ಏಲಕ್ಕಿ, ಒಂದು ಚಮಚ ಧನಿಯಾ. ಬರಿ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಬಟ್ಟೆಯಲ್ಲಿ ಗಂಟು ಕಟ್ಟುತ್ತೇನೆ. ಪುಡಿ ಮಾಡುವುದಿಲ್ಲ, ಒಗ್ಗರಣೆಯಂತೂ ಇಲ್ಲವೇ ಇಲ್ಲ.

ಮೂಳೆಯ ಜಾಗ ತುಂಬುವುದು ಒಣ ಶಿಟಾಕೆ ಅಣಬೆ. ಎಂಟು ಹತ್ತು ಅಣಬೆಯನ್ನು ಹಿಂದಿನ ರಾತ್ರಿಯೇ ತಣ್ಣೀರಲ್ಲಿ ನೆನೆಸಿ ಫ್ರಿಜ್‌ನಲ್ಲಿಡುತ್ತೇನೆ. ಬಿಸಿನೀರಲ್ಲಿ ಬೇಗ ನೆನೆಯುತ್ತದೆ ನಿಜ, ಆದರೆ ಆ ರುಚಿ ಬರುವುದಿಲ್ಲ. ಅಣಬೆಯ ಗ್ವಾನಿಲೇಟ್ ಮತ್ತು ಸೋಯಾ ಸಾಸಿನ ಗ್ಲುಟಮೇಟ್, ಎರಡೂ ರುಚಿ ಕೊಡುವ ಅಂಶಗಳು, ಸೇರಿದಾಗ ಒಂದು ಇನ್ನೊಂದರ ರುಚಿಯನ್ನು ಎತ್ತಿ ಹಿಡಿಯುತ್ತದೆ. ನೆನೆಸಿದ ನೀರನ್ನು ಸೋಸಿ ಪೂರ್ತಿ ಸಾರಿಗೇ ಸುರಿಯಿರಿ.

ಇನ್ನು ಸುಡುವ ಕೆಲಸ. ಬದನೆಕಾಯಿ ಗೊಜ್ಜಿಗೆ ಸುಡುತ್ತೇವಲ್ಲ, ಹಾಗೇ ಎರಡು ಈರುಳ್ಳಿ ಮತ್ತು ದೊಡ್ಡ ತುಂಡು ಶುಂಠಿಯನ್ನು ನೇರವಾಗಿ ಗ್ಯಾಸ್ ಉರಿಯ ಮೇಲಿಡುತ್ತೇನೆ. ಶುಂಠಿಯ ಸಿಪ್ಪೆ ಕರಕಲಾಗಿ, ಸೀಳಿದ ಕಡೆ ರಸ ಚುರ್ ಅನ್ನಬೇಕು. ಕರಿ ಸಿಪ್ಪೆ ಉಜ್ಜಿ ತೊಳೆದರೆ ಸುಟ್ಟ ಘಮ ಮಾತ್ರ ಉಳಿಯುತ್ತದೆ. ಅಲ್ಲಿನ ಮಠದ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುವುದಿಲ್ಲ. ನಿಮ್ಮ ಮನೆಯಲ್ಲೂ ತಿನ್ನದಿದ್ದರೆ ಧೈರ್ಯವಾಗಿ ಬಿಡಿ, ಶುಂಠಿ ಸಾಕು.

ಇವುಗಳ ಜೊತೆ ಒಂದು ದೊಡ್ಡ ಬಿಳಿ ಮೂಲಂಗಿ, ಎರಡು ಕ್ಯಾರೆಟ್. ಕುಕ್ಕರ್ ಬೇಡ. ಸಣ್ಣ ಉರಿಯಲ್ಲಿ ಒಂದೂಕಾಲು ಗಂಟೆ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟೇ. ಕೊತಕೊತ ಕುದಿಸಿದರೆ ಸಾರು ಕದಡುತ್ತದೆ. ಮಸಾಲೆ ಗಂಟು ಕೊನೆಯ ಅರ್ಧ ಗಂಟೆಗೆ ಮಾತ್ರ. ಸೋಸಿದ ಮೇಲೆ ಉಪ್ಪು, ಸೋಯಾ ಸಾಸ್, ಸಣ್ಣ ಹರಳು ಕಲ್ಲುಸಕ್ಕರೆ. ಬರೀ ಸಾರು ಕುಡಿದು ನೋಡಿದಾಗ ಉಪ್ಪು ತುಸು ಜಾಸ್ತಿ ಅನ್ನಿಸಬೇಕು, ನೂಡಲ್ಸ್ ಸೇರಿದಾಗ ಸರಿಹೋಗುತ್ತದೆ.

ಚಪ್ಪಟೆ ಅಕ್ಕಿ ನೂಡಲ್ಸನ್ನು ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ಬೇರೆ ಪಾತ್ರೆಯ ಕುದಿಯುವ ನೀರಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು ಬಟ್ಟಲಿಗೆ ಹಾಕುತ್ತೇನೆ. ಮೇಲೆ ಹುರಿದ ತೋಫು, ಅದೇ ಅಣಬೆಯ ಹೋಳು, ಈರುಳ್ಳಿ ಸೊಪ್ಪು. ಆಮೇಲೆ ಕುದಿಯುವ ಸಾರು.

ತಟ್ಟೆ ತುಂಬ ಸೊಪ್ಪು, ಹೆಸರುಕಾಳಿನ ಮೊಳಕೆ ಕೊಡುವುದು ದಕ್ಷಿಣ ವಿಯೆಟ್ನಾಂನ ಸೈಗಾನ್ ಕಡೆಯ ಪದ್ಧತಿ. ಉತ್ತರದ ಹನೋಯಿಯವರಿಗೆ ಅಷ್ಟೆಲ್ಲ ಬೇಡ. ನಾನು ಸೈಗಾನ್ ಪಕ್ಷ. ಅವರ ತುಳಸಿಯಂಥ ಸೊಪ್ಪಿಗೆ ನಮ್ಮ ಕಾಮಕಸ್ತೂರಿ ಹತ್ತಿರದ ನೆಂಟ, ಧಾರಾಳವಾಗಿ ಹರಿದು ಹಾಕಿ. ಹೊಯ್ಸಿನ್ ಅನ್ನುವ ಸಿಹಿ ಮಿಶ್ರಿತ ಗಟ್ಟಿ ಸೋಯಾ ಸಾಸನ್ನು ಮಾತ್ರ ಸಾರಿಗೆ ಸುರಿಯಬೇಡಿ. ಪಕ್ಕದಲ್ಲಿಟ್ಟು ತೋಫು ಅದ್ದಿಕೊಳ್ಳಿ, ಇಲ್ಲದಿದ್ದರೆ ಇಷ್ಟು ಹೊತ್ತು ಕಾದದ್ದೆಲ್ಲ ಸುಮ್ನೆ.

ಉಳಿದ ಸಾರನ್ನು ಫ್ರೀಜರ್‌ನಲ್ಲಿಡಬಹುದು. ನೂಡಲ್ಸ್ ಅದರಲ್ಲೇ ಬಿಟ್ಟರೆ ಬೆಳಗ್ಗೆ ಹೊತ್ತಿಗೆ ಸಾರೆಲ್ಲ ಹೀರಿಕೊಂಡಿರುತ್ತದೆ.